ಗಂಜಿ ಕುಡಿಸಿದರೂ ಇಳಿಯುವ ತೂಕ: ಕ್ಯಾನ್ಸರ್‌ನಲ್ಲಿ ಉರಿಯೂತದ ಕೈವಾಡ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ರೋಗಿಗಳ ಆಹಾರದ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ಚೆನ್ನಾಗಿ ತಿನ್ನಿಸಿ, ಹಣ್ಣು ಕೊಡಿ, ಸಕ್ಕರೆ ಬಿಡಿಸಿ. ಮನೆಯವರ ಲೆಕ್ಕವೂ ಹಾಗೇ ಇರುತ್ತದೆ. ‘ಬಾಯಿಗೆ ಏನೂ ಸೇರುತ್ತಿಲ್ಲ, ಅದಕ್ಕೇ ಹೀಗೆ ಇಳಿದುಹೋಗಿದ್ದಾರೆ’ ಎನ್ನುತ್ತಾರೆ. ಇದು ಅರ್ಧ ನಿಜ. ಹಸಿವು ಸಾಯುವುದಕ್ಕೂ ತೋಳು-ತೊಡೆಯ ಮಾಂಸ ಕರಗುವುದಕ್ಕೂ ಬೇರು ಒಂದೇ, ಗಡ್ಡೆಯ ಸುತ್ತ ಹೊತ್ತಿಕೊಂಡು ಇಡೀ ಮೈಗೆ ಹರಡುವ ಉರಿಯೂತ. ಇದನ್ನು ಬಿಟ್ಟು ತಟ್ಟೆಯೊಂದನ್ನೇ ನೋಡುತ್ತ ಕೂತರೆ ದುಡ್ಡೂ ಹೋಗುತ್ತದೆ, ಮನೆಯಲ್ಲಿ ಮಾತೂ ಕೆಡುತ್ತದೆ.

ಉಪವಾಸವಿದ್ದವರ ದೇಹ ಜಿಪುಣನ ಹಾಗೆ ನಡೆದುಕೊಳ್ಳುತ್ತದೆ. ಕೆಲವು ದಿನ ಕಳೆದ ಮೇಲೆ ಕೊಬ್ಬನ್ನು ಕೀಟೋನ್ ಮಾಡಿ ಉರಿಸುತ್ತದೆ, ಖರ್ಚು ತಗ್ಗಿಸುತ್ತದೆ, ಸ್ನಾಯುವನ್ನು ಆದಷ್ಟು ಮುಟ್ಟದೆ ಉಳಿಸುತ್ತದೆ. ಊಟ ಸಿಕ್ಕರೆ ತಿಂಗಳೆರಡು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕ್ಯಾನ್ಸರ್‌ನ ಸೊರಗುವಿಕೆಯಲ್ಲಿ ಈ ಜಿಪುಣತನ ಕೈಕೊಡುತ್ತದೆ. ಕೊಬ್ಬೂ ಕರಗುತ್ತದೆ, ಸ್ನಾಯುವೂ ಕರಗುತ್ತದೆ, ಮಲಗಿದ್ದರೂ ಖರ್ಚು ನಿಲ್ಲುವುದಿಲ್ಲ. ಇದನ್ನು ವೈದ್ಯರು ಕ್ಯಾಕೆಕ್ಸಿಯಾ ಎನ್ನುತ್ತಾರೆ. ಆಹಾರ ಹೆಚ್ಚಿಸಿದ ಮಾತ್ರಕ್ಕೆ ಪೂರ್ತಿ ಹಿಂದಿರುಗಿಸಲು ಆಗದ ಸ್ನಾಯುನಷ್ಟ ಎಂಬುದು 2011ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪು ಒಪ್ಪಿದ ವ್ಯಾಖ್ಯೆಯ ತಿರುಳು. ಅಳತೆಯೂ ಅಲ್ಲೇ ಇದೆ: ಆರು ತಿಂಗಳಲ್ಲಿ ತೂಕದ 5 ಶೇಕಡಕ್ಕಿಂತ ಹೆಚ್ಚು ಇಳಿದಿರಬೇಕು, ಮೊದಲೇ ತೆಳ್ಳಗಿದ್ದವರಲ್ಲಿ, ಅಂದರೆ ಎತ್ತರಕ್ಕೆ ತಕ್ಕ ತೂಕವೇ ಎಂದು ತೋರಿಸುವ ಬಿಎಂಐ 20ಕ್ಕಿಂತ ಕಡಿಮೆ ಇದ್ದವರಲ್ಲಿ ಅಥವಾ ಸ್ನಾಯು ಆಗಲೇ ಕ್ಷೀಣಿಸಿದವರಲ್ಲಿ, 2 ಶೇಕಡ ದಾಟಿದರೇ ಸಾಕು. 50 ಕೆ.ಜಿ. ಇದ್ದ ಹೆಂಗಸು ಎರಡೂವರೆ ಕೆ.ಜಿ. ಕಳೆದುಕೊಂಡರೆ ಗಡಿ ಬಂತು. ಸೀರೆ ಉಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ರವಿಕೆಯ ತೋಳು, ಕೈಬಳೆ ಸಡಿಲವಾದಾಗ ಗೊತ್ತಾಗುತ್ತದೆ.

ಉರಿಯೂತ ಹಸಿವನ್ನು ಹೇಗೆ ಕೊಲ್ಲುತ್ತದೆ ಎಂಬುದು ಜ್ವರ ಬಂದ ಎಲ್ಲರಿಗೂ ಗೊತ್ತು. ಬಾಯಿ ಕಹಿ, ಅನ್ನದ ವಾಸನೆಗೇ ಓಕರಿಕೆ, ಗೋಡೆಗೆ ಮುಖ ಮಾಡಿ ಮಲಗುವ ಆಸೆ. ರಕ್ಷಣಾ ಕೋಶಗಳು ಸುರಿಸುವ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಸಂದೇಶವಾಹಕಗಳು ಮೆದುಳಿನ ಹೈಪೋಥಲಮಸ್ಸಿಗೆ ಹೋಗಿ ಹಸಿವಿನ ಗುಂಡಿ ಆರಿಸುತ್ತವೆ. ಜ್ವರ ಮೂರು ದಿನಕ್ಕೆ ಇಳಿಯುತ್ತದೆ. ಗಡ್ಡೆಯದು ತಿಂಗಳುಗಟ್ಟಲೆ ಉರಿಯುವ ಒಳಜ್ವರ, ಥರ್ಮಾಮೀಟರಿಗೆ ಸಿಗದೆಯೂ ಇರಬಹುದು. ‘ಮನಸ್ಸು ಮಾಡಿದರೆ ತಿನ್ನಬಹುದು’ ಎಂದು ರೋಗಿಯನ್ನು ಗದರಿಸುವುದು ಜ್ವರದಲ್ಲಿರುವ ಮಗುವಿಗೆ ಹೋಳಿಗೆ ತುರುಕಿದ ಹಾಗೆ.

ಅದೇ ಸಂದೇಶಗಳು ಪಿತ್ತಜನಕಾಂಗಕ್ಕೂ ಹೋಗುತ್ತವೆ. ಪಿತ್ತಜನಕಾಂಗ ತನ್ನ ಮಾಮೂಲಿ ಕೆಲಸವನ್ನು ಪಕ್ಕಕ್ಕಿಟ್ಟು ಸಿಆರ್‌ಪಿ, ಫೈಬ್ರಿನೋಜನ್‌ನಂಥ ತುರ್ತು ಪ್ರೋಟೀನುಗಳ ತಯಾರಿಕೆಗೆ ಇಳಿಯುತ್ತದೆ. ಅದಕ್ಕೆ ಬೇಕಾದ ಅಮೈನೋ ಆಮ್ಲ ಬರುವುದು ಸ್ನಾಯುವಿನಿಂದ. ತೊಂದರೆ ಏನೆಂದರೆ ಎರಡರ ಜೋಡಣೆ ಒಂದೇ ಅಲ್ಲ. ಫೈಬ್ರಿನೋಜನ್‌ನಲ್ಲಿ ಫಿನೈಲ್‌ಅಲನಿನ್, ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಗಳು ಜಾಸ್ತಿ, ಸ್ನಾಯುವಿನಲ್ಲಿ ಕಡಿಮೆ. ಹಾಗಾಗಿ 1 ಗ್ರಾಂ ಫೈಬ್ರಿನೋಜನ್ ಕಟ್ಟಲು ಸುಮಾರು ಎರಡೂವರೆ ಗ್ರಾಂ ಸ್ನಾಯು ಪ್ರೋಟೀನ್ ಒಡೆಯಬೇಕಾಗುತ್ತದೆ. ಒಂದು ತೊಲೆ ಬೇಕಿದ್ದಾಗ ಇಡೀ ಮನೆ ಬಿಚ್ಚಿದ ಹಾಗೆ. ಸ್ನಾಯುವಿನ ಒಳಗೆ ಒಡೆಯುವ ಕೆಲಸದವರೂ ಗುರುತು ಸಿಕ್ಕಿದ್ದಾರೆ. ಮರ್ಫ್-1, ಆಟ್ರೋಜಿನ್-1 ಎಂಬ ಎರಡು ಕಿಣ್ವಗಳು ಪ್ರೋಟೀನಿಗೆ ‘ಇದನ್ನು ಕೆಡವಿ’ ಎಂಬ ಚೀಟಿ ಅಂಟಿಸುತ್ತವೆ, ಕೋಶದ ಕಸಯಂತ್ರ ಅದನ್ನು ಚೂರು ಮಾಡುತ್ತದೆ. 2001ರಲ್ಲಿ ಇವು ಪತ್ತೆಯಾದವು.

ಕ್ಷಯ ಎಂಬ ಪದವನ್ನು ನಾವು ಟಿಬಿಗೆ ಕೊಟ್ಟುಬಿಟ್ಟಿದ್ದೇವೆ. ಅದರ ಅರ್ಥ ಸವೆಯುವುದು ಎಂದಷ್ಟೇ. ಟಿಬಿಯಲ್ಲೂ ಸವೆಸುವುದು ಇದೇ ಬಗೆಯ ಸಂದೇಶವಾಹಕಗಳೇ. ಟಿಎನ್‌ಎಫ್‌ನ ಕಥೆ ಇಲ್ಲಿ ಕುತೂಹಲದ್ದು. 1975ರಲ್ಲಿ ಗಡ್ಡೆಯನ್ನು ಕೊಲ್ಲುವ ವಸ್ತು (ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್) ಎಂದು ಅದಕ್ಕೆ ಆ ಹೆಸರಿಟ್ಟರು. ಇತ್ತ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಆಂಥನಿ ಸೆರಾಮಿ, ಟ್ರಿಪನೋಸೋಮ ಎಂಬ ಪರೋಪಜೀವಿ ಹೊಕ್ಕ ಮೊಲಗಳು ಯಾಕೆ ಸೊರಗುತ್ತವೆ ಎಂದು ಹುಡುಕುತ್ತ ಹೋಗಿ, ಸೊರಗಿಸುವ ವಸ್ತುವಿಗೆ ‘ಕ್ಯಾಕೆಕ್ಟಿನ್’ ಎಂದು ಹೆಸರಿಟ್ಟಿದ್ದರು. 1985ರಲ್ಲಿ ಅವರೂ ಜೊತೆಗೆ ಕೆಲಸ ಮಾಡುತ್ತಿದ್ದ ಬ್ರೂಸ್ ಬಾಯ್ಟ್ಲರರೂ ಅದರ ಜೋಡಣೆ ಓದಿದಾಗ ಎರಡೂ ಒಂದೇ ಎಂದು ಕಂಡಿತು. ಹಾಗಾದರೆ ಟಿಎನ್‌ಎಫ್ ತಡೆದರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಟಿಎನ್‌ಎಫ್ ತಡೆಯುವ ಮದ್ದುಗಳಾದ, ಸಂಧಿವಾತದಲ್ಲಿ ಚೆನ್ನಾಗಿ ಕೆಲಸ ಮಾಡುವ ಇನ್‌ಫ್ಲಿಕ್ಸಿಮ್ಯಾಬ್, ಇಟಾನರ್ಸೆಪ್ಟ್‌ಗಳನ್ನು ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಗಿಸಿ ನೋಡಿದರು, ತೂಕ ನಿಲ್ಲಲಿಲ್ಲ. ಉರಿಗೆ ಒಂದೇ ಬಾಯಿ ಇಲ್ಲ. ಒಂದನ್ನು ಮುಚ್ಚಿದರೆ ಇನ್ನೊಂದರಿಂದ ಹೊಗೆ ಬರುತ್ತದೆ. ಆದ್ದರಿಂದ ‘ಉರಿಯೂತ ತಗ್ಗಿಸುವ’ ಪುಡಿ, ಕ್ಯಾಪ್ಸೂಲು ಎಂದು ಮಾರುವವರ ಮಾತು ಕೇಳುವಾಗ ಈ ಸೋಲನ್ನು ನೆನಪಿಟ್ಟುಕೊಳ್ಳಬೇಕು. ಅಡುಗೆಯ ಅರಿಶಿನಕ್ಕೆ ನಮ್ಮ ತಕರಾರಿಲ್ಲ. ಕಾಳುಮೆಣಸಿನ ಸಾರ ಬೆರೆಸಿದ ಗಟ್ಟಿ ಕರ್ಕ್ಯುಮಿನ್ (ಅರಿಶಿನದ ಸಾರ) ಕ್ಯಾಪ್ಸೂಲು ಬೇರೆ ಔಷಧಗಳ ವಿಲೇವಾರಿಯನ್ನು ಕೆಡಿಸಬಲ್ಲದು, ಪಿತ್ತಜನಕಾಂಗಕ್ಕೆ ಪೆಟ್ಟು ಕೊಟ್ಟ ಉದಾಹರಣೆಗಳೂ ಇವೆ. ಕೀಮೋ ನಡೆಯುವಾಗ ಅದು ಬೇಡ.

ಉರಿಯೂತ ಇದೆಯೇ ಎಂದು ತಿಳಿಯಲು ಸಿಆರ್‌ಪಿ ಮತ್ತು ಆಲ್ಬುಮಿನ್ (ಪಿತ್ತಜನಕಾಂಗ ಮಾಮೂಲಿಯಾಗಿ ತಯಾರಿಸುವ ರಕ್ತದ ಪ್ರೋಟೀನ್) ಎಂಬ ಎರಡು ಸಾಧಾರಣ ರಕ್ತ ಪರೀಕ್ಷೆ ಸಾಕು. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಮೈಯಲ್ಲಿ ಉರಿಯಿದೆ. ಅದರ ಜೊತೆಗೆ ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಮಿಗಿಂತ ಕೆಳಗಿದ್ದರೆ ಉರಿ ಹಳೆಯದು, ಜೋರಾದದ್ದು. ಗ್ಲಾಸ್ಗೋ ಮಾಪನ ಎಂದು ಇದಕ್ಕೆ ಹೆಸರು: ಸಿಆರ್‌ಪಿ ಏರದಿದ್ದರೆ ಅಂಕ 0, ಅದೊಂದೇ ಏರಿದ್ದರೆ 1, ಜೊತೆಗೆ ಆಲ್ಬುಮಿನ್ನೂ ಇಳಿದಿದ್ದರೆ 2. ಎಡವುವ ಜಾಗ ಎರಡಿವೆ. ಕೆಲವು ಲ್ಯಾಬುಗಳು ಸಿಆರ್‌ಪಿಯನ್ನು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ. ಅಲ್ಲಿ 1 ಎಂದರೆ ಇಲ್ಲಿ 10. ಘಟಕ ನೋಡದೆ ‘3 ಇದೆ, ಪರವಾಗಿಲ್ಲ’ ಎಂದುಕೊಂಡರೆ ತಪ್ಪಿದಂತೆ. ಎರಡನೆಯದು, ಸಿಆರ್‌ಪಿಗೆ ಗಡ್ಡೆ ಯಾವುದು, ಸೋಂಕು ಯಾವುದು ಗೊತ್ತಾಗುವುದಿಲ್ಲ. ಬಾಯಿ, ಅನ್ನನಾಳದ ಕ್ಯಾನ್ಸರಿನವರಲ್ಲಿ ಆಹಾರ ಶ್ವಾಸನಾಳಕ್ಕೆ ಜಾರಿ ಆಗುವ ನ್ಯುಮೋನಿಯಾ, ಕೊಳೆತ ಹಲ್ಲು, ಮೂತ್ರದ ಸೋಂಕು, ನಮ್ಮಲ್ಲಂತೂ ಅಡಗಿ ಕೂತ ಟಿಬಿ, ಎಲ್ಲವೂ ಅದನ್ನು ಏರಿಸುತ್ತವೆ. ಇವನ್ನು ಹುಡುಕಿ ಗುಣಮಾಡಿ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಬೇಕು. ಸೋಂಕು ಹೋದ ಮೇಲೆ ಹಸಿವು ತಾನಾಗಿ ಬರುವುದುಂಟು. ಅಷ್ಟರ ಮಟ್ಟಿಗೆ ಆ ಸೊರಗುವಿಕೆಯನ್ನು ಗಡ್ಡೆಯ ಲೆಕ್ಕಕ್ಕೆ ಹಾಕುವಂತಿಲ್ಲ.

ಆಲ್ಬುಮಿನ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ವರದಿಯಲ್ಲಿ 2.6 ಎಂದು ಕಂಡ ಕೂಡಲೇ ‘ಪ್ರೋಟೀನ್ ಕಮ್ಮಿಯಾಗಿದೆ, ಬಾಟಲಿ ಹಾಕಿಸಿ’ ಎಂದು ಮನೆಯವರು ಒತ್ತಾಯಿಸುತ್ತಾರೆ. ಒಡವೆ ಅಡವಿಟ್ಟು ತರುವವರೂ ಇದ್ದಾರೆ. ಇಲ್ಲಿ ಆಲ್ಬುಮಿನ್ ಇಳಿದದ್ದು ಉರಿಯೂತದಿಂದ ರಕ್ತನಾಳ ಸೋರಿದ್ದಕ್ಕೆ ಮತ್ತು ಪಿತ್ತಜನಕಾಂಗ ಬೇರೆ ಕೆಲಸಕ್ಕೆ ಹೋದದ್ದಕ್ಕೆ. ಬಾಟಲಿಯಲ್ಲಿ ಹೋದದ್ದೂ ಸೋರುತ್ತದೆ, ಸ್ನಾಯು ಕಟ್ಟುವುದಿಲ್ಲ. ಹೊಟ್ಟೆಯ ನೀರು ಹೆಚ್ಚು ಪ್ರಮಾಣದಲ್ಲಿ ತೆಗೆಯುವಾಗ ಅದಕ್ಕೆ ಉಪಯೋಗವಿದೆ, ಆ ಮಾತು ಬೇರೆ. ಗ್ಲೂಕೋಸ್ ಬಾಟಲಿಯ ಲೆಕ್ಕವೂ ಇಷ್ಟೇ. 500 ಮಿಲಿಯ 5 ಶೇಕಡದ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ, ಸುಮಾರು 85 ಕ್ಯಾಲರಿ. ಒಂದೆರಡು ಇಡ್ಲಿಯಷ್ಟು.

ಮನೆಯಲ್ಲಿ ಮಾಡಬಹುದಾದ ಅಳತೆಗಳು ಲ್ಯಾಬಿಗಿಂತ ಮುಂಚೆ ಸುಳಿವು ಕೊಡುತ್ತವೆ. ವಾರಕ್ಕೊಂದು ದಿನ ಬೆಳಿಗ್ಗೆ, ಮೂತ್ರ ಮಾಡಿ ಬಂದು, ಅದೇ ತಕ್ಕಡಿಯಲ್ಲಿ, ಹೆಚ್ಚುಕಡಿಮೆ ಅದೇ ಬಟ್ಟೆಯಲ್ಲಿ ತೂಗಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆದಿಡಿ. ಕಾಲು ಊದಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಂದ ಸ್ವಲ್ಪ ಹೊತ್ತು ಒತ್ತಿ ತೆಗೆದಾಗ ಗುಳಿ ಉಳಿದರೆ ಆ ತೂಕ ನೀರಿನದ್ದೂ ಹೌದು. ಊತ ಇಲ್ಲದವರಲ್ಲಿ ದರ್ಜಿಯ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗ ಅಳೆಯಿರಿ. ಏಷ್ಯಾದವರಿಗೆ 2019ರಲ್ಲಿ ಗೊತ್ತುಮಾಡಿದ ಗಡಿ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33. ಅದಕ್ಕಿಂತ ಕಡಿಮೆಯಾದರೆ ಸ್ನಾಯು ಕ್ಷೀಣಿಸಿದೆ ಎಂಬ ಅನುಮಾನ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡಾದರೂ ಬೇಕಾದರೆ ಬಲ ಕುಗ್ಗಿದೆ. ದಪ್ಪ ಮೈಯವರಲ್ಲಿ ಕೊಬ್ಬಿನ ಅಡಿಯಲ್ಲಿ ಸ್ನಾಯು ಕರಗಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಅವರಿಗೆ ಈಗಾಗಲೇ ತೆಗೆದಿರುವ ಸಿಟಿ ಸ್ಕ್ಯಾನ್‌ನಲ್ಲಿ ಸೊಂಟದ ಮೂರನೇ ಕಶೇರುವಿನ ಮಟ್ಟದಲ್ಲಿ ಸ್ನಾಯುವಿನ ವಿಸ್ತೀರ್ಣ ಅಳೆಯಬಹುದು, ಹೊಸ ಸ್ಕ್ಯಾನ್ ಬೇಡ. ಕೀಮೋ ಪ್ರಮಾಣವನ್ನು ಎತ್ತರ-ತೂಕದಿಂದ ಲೆಕ್ಕ ಹಾಕುವುದರಿಂದ ಸ್ನಾಯು ಕಡಿಮೆ ಇರುವವರಿಗೆ ಅದೇ ಪ್ರಮಾಣ ಹೆಚ್ಚು ವಿಷವಾಗಬಹುದು. ಆದ್ದರಿಂದ ಈ ಅಳತೆ ಚಿಕಿತ್ಸೆಯ ಲೆಕ್ಕಕ್ಕೂ ಬೇಕು.

ಈಗ ಊಟಕ್ಕೆ ಬರೋಣ. ಉರಿಯೂತವಿದ್ದಾಗ ಆಹಾರ ಒಂದೇ ಸಾಲದು, ಆದರೆ ಆಹಾರವಿಲ್ಲದೆ ಬೇರೆ ಯಾವುದೂ ನಿಲ್ಲದು. ಯುರೋಪಿನ ಪೋಷಣಾ ಸಂಘ ಎಸ್ಪೆನ್ ಹೇಳುವ ಲೆಕ್ಕ: ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 25ರಿಂದ 30 ಕ್ಯಾಲರಿ, ಪ್ರೋಟೀನ್ 1 ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂವರೆಗೆ. 50 ಕೆ.ಜಿ.ಯವರಿಗೆ 1,250ರಿಂದ 1,500 ಕ್ಯಾಲರಿ, 50ರಿಂದ 75 ಗ್ರಾಂ ಪ್ರೋಟೀನ್. ನಮ್ಮ ಮನೆಗಳಲ್ಲಿ ನಿಜವಾಗಿ ಒಳಗೆ ಹೋಗುವುದೇನು? ನಾಲ್ಕು ಲೋಟ ರಾಗಿ ಗಂಜಿ, ಒಂದು ಎಳನೀರು, ಒಂದು ಲೋಟ ಮೋಸಂಬಿ ರಸ. ಲೋಟಕ್ಕೆ ಎರಡು ಚಮಚ, ಅಂದರೆ 20 ಗ್ರಾಂ ಹಿಟ್ಟು ಹಾಕಿ ನೀರಲ್ಲಿ ಕಾಸಿದ ಗಂಜಿಯಲ್ಲಿ 64 ಕ್ಯಾಲರಿ, ಒಂದೂವರೆ ಗ್ರಾಂ ಪ್ರೋಟೀನ್ ಕೂಡ ಇಲ್ಲ. ಇಡೀ ದಿನಕ್ಕೆ ಸೇರಿಸಿದರೆ ಸುಮಾರು 400 ಕ್ಯಾಲರಿ, ಪ್ರೋಟೀನ್ 8 ಗ್ರಾಂ. ‘ದಿನವಿಡೀ ಏನಾದರೂ ಕೊಡುತ್ತಲೇ ಇದ್ದೇವೆ’ ಎಂಬುದೂ ನಿಜ, ರೋಗಿ ಅರೆಹೊಟ್ಟೆಯಲ್ಲಿದ್ದಾರೆ ಎಂಬುದೂ ನಿಜ.

ಅದೇ ಲೋಟವನ್ನು ಬಲಪಡಿಸಬಹುದು. 20 ಗ್ರಾಂ ರಾಗಿ ಹಿಟ್ಟಿಗೆ ಜರಡಿ ಹಿಡಿದ 20 ಗ್ರಾಂ ಹುರಿಗಡಲೆ ಪುಡಿ ಸೇರಿಸಿ ಸ್ವಲ್ಪ ನೀರಲ್ಲಿ ಬೇಯಿಸಿ, 150 ಮಿಲಿ ಹಾಲು, ಒಂದು ಚಮಚ ತುಪ್ಪ, 10 ಗ್ರಾಂ ಬೆಲ್ಲ ಹಾಕಿ. ಉಗುರುಬೆಚ್ಚಗಾದ ಮೇಲೆ 10 ಗ್ರಾಂ ಕೆನೆರಹಿತ ಹಾಲಿನ ಪುಡಿಯನ್ನು ತಣ್ಣನೆಯ ಹಾಲಲ್ಲಿ ಕಲಸಿ ಬೆರೆಸಿ. ಕುದಿಯುವ ಗಂಜಿಗೆ ಪುಡಿ ಸುರಿದರೆ ಗಂಟುಕಟ್ಟುತ್ತದೆ, ಗಂಟು ಸಿಕ್ಕ ರೋಗಿ ಮತ್ತೆ ಆ ಲೋಟ ಮುಟ್ಟುವುದಿಲ್ಲ. ಇದರಲ್ಲಿ ಸುಮಾರು 350 ಕ್ಯಾಲರಿ, 13 ಗ್ರಾಂ ಪ್ರೋಟೀನ್. ಗಟ್ಟಿಯಾಗಿ ನುಂಗಲಾಗದಿದ್ದರೆ ಅಜ್ಜಿಯರ ಉಪಾಯವೇ ವಿಜ್ಞಾನ: ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಒಂದು ಚಮಚ, ಕುದಿ ಇಳಿದ, ಆದರೆ ಇನ್ನೂ ಬಿಸಿಯಿರುವ ಗಂಜಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಮೊಳಕೆಯ ಅಮೈಲೇಸ್ ಪಿಷ್ಟವನ್ನು ಕತ್ತರಿಸುತ್ತದೆ, ಗಂಜಿ ನೀರಾಗುತ್ತದೆ, ಕ್ಯಾಲರಿ ಅಷ್ಟೇ ಉಳಿಯುತ್ತದೆ. ಕುದಿಯುತ್ತಿರುವಾಗ ಹಾಕಿದರೆ, ಅಥವಾ ಮೊಳಕೆ ಹಿಟ್ಟನ್ನು ಕೆಂಪಗೆ ಹುರಿದಿದ್ದರೆ ಕಿಣ್ವ ಸತ್ತು ಏನೂ ಆಗದು. ತೆಳುವಾದ ಮೇಲೆ ಮತ್ತೊಂದು ಕುದಿ ಬರಿಸಿ, ಬಿಳಿ ರಕ್ತಕಣ ಕಡಿಮೆ ಇರುವವರಿಗೆ ಇದು ಮುಖ್ಯ. ಹಾಲು, ತುಪ್ಪ ಆಮೇಲೆ. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿಗೆ ಹಾಕುವುದಾದರೆ ಬಟ್ಟೆಯಲ್ಲಿ ಸೋಸಿ, ಹಾಕುವ ಮೊದಲೂ ಆಮೇಲೂ 30 ಮಿಲಿ ನೀರು ಬಿಡಿ, ಇಲ್ಲದಿದ್ದರೆ ಹುರಿಗಡಲೆ ಕೂತು ಟ್ಯೂಬು ಕಟ್ಟುತ್ತದೆ. ಮಧುಮೇಹವಿದ್ದರೆ ಬೆಲ್ಲ ಬಿಡಿ, ಭೇದಿಯಾಗುತ್ತಿದ್ದರೆ ಹಾಲಿನ ಬದಲು ಮೊಸರು. ಒಂದೇ ಸಲಕ್ಕೆ ಲೋಟ ತುಂಬ ಹಿಡಿಯಬೇಡಿ. ಎರಡು ಗಂಟೆಗೆ ಅರ್ಧ ಲೋಟ ಸಾಕು. ಮೊಟ್ಟೆ ತಿನ್ನುವವರಿಗೆ ಒಂದೊಂದರಲ್ಲೂ 6 ಗ್ರಾಂ ಪ್ರೋಟೀನ್ ಸಿಗುತ್ತದೆ.

ವಾರಗಟ್ಟಲೆ ಏನೂ ಇಳಿಯದೆ ಆಮೇಲೆ ಟ್ಯೂಬು ಹಾಕಿಸಿಕೊಂಡವರ ವಿಷಯದಲ್ಲಿ ಆತುರ ಅಪಾಯ. ಐದು ದಿನ ಹೆಚ್ಚುಕಡಿಮೆ ಏನೂ ತಿನ್ನದವರಿಗೆ ಮೊದಲ ಎರಡು ದಿನ ಲೆಕ್ಕದ ಅರ್ಧಕ್ಕಿಂತ ಹೆಚ್ಚು ಕೊಡಬಾರದು. ಒಮ್ಮೆಲೇ ಸುರಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಥಯಾಮಿನ್ (ವಿಟಮಿನ್ ಬಿ1) ಮೊದಲೇ ಶುರುವಾಗಿರಬೇಕು.

ಸಕ್ಕರೆ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತದೆ ಎಂಬ ಮಾತು ಮೊಬೈಲಿನಲ್ಲಿ ಹರಿದಾಡುತ್ತಲೇ ಇದೆ. ಗಡ್ಡೆ ಗ್ಲೂಕೋಸನ್ನು ಹೆಚ್ಚು ನುಂಗುತ್ತದೆ ಎಂಬುದು ನಿಜ. ಆದರೆ ಬಾಯಿಂದ ಬಾರದಿದ್ದರೆ ಪಿತ್ತಜನಕಾಂಗ ಸ್ನಾಯುವಿನ ಅಮೈನೋ ಆಮ್ಲದಿಂದ ಗ್ಲೂಕೋಸ್ ತಯಾರಿಸಿ ಕೊಡುತ್ತದೆ. ಗಡ್ಡೆ ಉಗುಳಿದ ಲ್ಯಾಕ್ಟೇಟನ್ನೂ ಮತ್ತೆ ಗ್ಲೂಕೋಸ್ ಮಾಡುತ್ತದೆ. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಲ್ಲಿ ಎಣಿಸಿದರೆ ಗಡ್ಡೆಗೆ ಸಿಕ್ಕಿದ್ದು 2, ದೇಹ ತೆತ್ತದ್ದು 6. ಅನ್ನ, ಹಾಲು, ಬೆಲ್ಲ ಎಲ್ಲ ನಿಲ್ಲಿಸಿದ ಮನೆಯಲ್ಲಿ ಹಸಿಯುವುದು ತೊಡೆಯ ಮಾಂಸ, ಗಡ್ಡೆಯಲ್ಲ.

ಮೀನೆಣ್ಣೆಯಲ್ಲಿರುವ ಇಪಿಎ ಎಂಬ ಕೊಬ್ಬಿನಾಮ್ಲ ಉರಿಯೂತವನ್ನು ಸ್ವಲ್ಪ ತಗ್ಗಿಸುತ್ತದೆ, ಪುರಾವೆ ಗಟ್ಟಿಯಿಲ್ಲ. ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ 2 ಗ್ರಾಂ ಆಸುಪಾಸು. ಅಂಗಡಿಯ ಮಾಮೂಲಿ 1,000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇಪಿಎ ಇರುವುದು 180 ಮಿಲಿಗ್ರಾಂ. ದಿನಕ್ಕೊಂದು ನುಂಗಿದರೆ ಜೇಬು ಖಾಲಿಯಾಗುವುದಷ್ಟೇ. ಕರಾವಳಿಯವರು ಬಂಗುಡೆ, ಬೂತಾಯಿ ತಿನ್ನಲಿ, ಪ್ರೋಟೀನೂ ಬಂತು. ಅಗಸೆ ಚಟ್ನಿ ಒಳ್ಳೆಯದೇ, ಆದರೆ ಅದರ ಕೊಬ್ಬು ಮೈಯಲ್ಲಿ ಇಪಿಎ ಆಗುವುದು ತೀರ ಕಡಿಮೆ.

ಔಷಧದಲ್ಲಿ ಈಚೆಗೆ ಆದ ಒಳ್ಳೆಯ ಕೆಲಸ ನಮ್ಮ ನೆರೆಯಲ್ಲೇ ನಡೆದಿದೆ. ಪುದುಚೇರಿಯ ಜಿಪ್ಮರ್ ವೈದ್ಯ ಸಂಸ್ಥೆಯಲ್ಲಿ ಜಠರ, ಶ್ವಾಸಕೋಶ, ಪಿತ್ತಜನಕಾಂಗ-ಮೇದೋಜೀರಕದ ಕ್ಯಾನ್ಸರಿಗೆ ಕೀಮೋ ಶುರುಮಾಡಿದ 124 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2.5 ಮಿಲಿಗ್ರಾಂ ಓಲಾಂಜಪಿನ್ (ಮಾನಸಿಕ ಕಾಯಿಲೆಗಳಿಗೆ ಬಳಸುವ ಮಾತ್ರೆ), ಉಳಿದವರಿಗೆ ಹುಸಿಮಾತ್ರೆ, 12 ವಾರ ಕೊಟ್ಟರು. ತೂಕ 5 ಶೇಕಡಕ್ಕಿಂತ ಹೆಚ್ಚು ಏರಿದವರು ಓಲಾಂಜಪಿನ್ ಗುಂಪಿನಲ್ಲಿ 60 ಶೇಕಡ, ಇನ್ನೊಂದರಲ್ಲಿ 9. 2023ರಲ್ಲಿ ಇದು ಪ್ರಕಟವಾಯಿತು, ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಅದೇ ವರ್ಷ ತನ್ನ ಮಾರ್ಗಸೂಚಿಯನ್ನೇ ತಿದ್ದಿತು. ಮಾತ್ರೆ ಅಗ್ಗ, ಎಲ್ಲ ಕಡೆ ಸಿಗುತ್ತದೆ. ತೊಡಕು ಒಂದೇ: ಔಷಧದಂಗಡಿಯಲ್ಲಿ ‘ಇದು ತಲೆ ಕೆಟ್ಟವರ ಮಾತ್ರೆ’ ಎಂದುಬಿಡುತ್ತಾರೆ, ಮನೆಯವರು ಹೆದರಿ ನಿಲ್ಲಿಸುತ್ತಾರೆ. ಬರೆಯುವ ವೈದ್ಯರೇ ಮೊದಲು ಈ ಮಾತು ಆಡಿಬಿಟ್ಟರೆ ಆಯಿತು. ನಿದ್ದೆ ತರಿಸುತ್ತದೆ, ರಾತ್ರಿ ಕೊಡಬೇಕು, ರಕ್ತದ ಸಕ್ಕರೆ ನೋಡುತ್ತಿರಬೇಕು.

ಸ್ಟೆರಾಯ್ಡ್ ಕೆಲವು ವಾರ ಹಸಿವು ತರುತ್ತದೆ, ಉರಿಯನ್ನೂ ತಗ್ಗಿಸುತ್ತದೆ, ಎಳೆದರೆ ತಾನೇ ತೊಡೆಯ ಸ್ನಾಯು ತಿನ್ನುತ್ತದೆ. ಹಸಿವು ತರಿಸುವ ಹಾರ್ಮೋನ್ ಮದ್ದಾದ ಮೆಜೆಸ್ಟ್ರಾಲ್‌ನಿಂದ ಬರುವ ತೂಕ ಹೆಚ್ಚಾಗಿ ಕೊಬ್ಬು ಮತ್ತು ನೀರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಐಬುಪ್ರೊಫೆನ್ ಅನ್ನು ಮೀನೆಣ್ಣೆ, ವ್ಯಾಯಾಮ, ಆಹಾರ ಸಲಹೆಯ ಜೊತೆ ಕೊಟ್ಟ ಯುರೋಪಿನ ಪ್ರಯೋಗದಲ್ಲಿ ತೂಕ ನಿಂತಿತು, ಸ್ನಾಯು ಹೆಚ್ಚಲಿಲ್ಲ. ಇದನ್ನೋದಿ ಯಾರೂ ತಾವಾಗಿ ಐಬುಪ್ರೊಫೆನ್ ನುಂಗಬಾರದು. ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದಿನ ಜೊತೆ ಮೂತ್ರಪಿಂಡ ಕೆಡುತ್ತದೆ, ಪ್ಲೇಟ್‌ಲೆಟ್ ಇಳಿದಾಗ ರಕ್ತಸ್ರಾವ, ಸ್ಟೆರಾಯ್ಡ್ ಜೊತೆ ಹೊಟ್ಟೆ ಹುಣ್ಣು. ಜಿಡಿಎಫ್-15 ಎಂಬ ಇನ್ನೊಂದು ಸಂದೇಶವಾಹಕವನ್ನು ಹಿಡಿದು ಕಟ್ಟುವ ಪಾನ್ಸೆಗ್ರೊಮ್ಯಾಬ್ ಚುಚ್ಚುಮದ್ದು 2024ರ ಪ್ರಯೋಗದಲ್ಲಿ, 12 ವಾರಕ್ಕೆ, ಹುಸಿಮದ್ದಿಗಿಂತ 2.8 ಕೆ.ಜಿ.ವರೆಗೆ ತೂಕ ಉಳಿಸಿತು.

ಈ ಮದ್ದುಗಳಿಗಿಂತ ಮೊದಲು ನೋಡಬೇಕಾದವು ಸಣ್ಣವು, ಅಗ್ಗದವು. ನಾಲಿಗೆಯ ಮೇಲೆ ಮೊಸರಿನಂತೆ ಕಟ್ಟಿದ ಬಿಳಿ ಶಿಲೀಂಧ್ರ, ಮಾರ್ಫಿನ್‌ನಿಂದ ಐದು ದಿನ ಕಟ್ಟಿದ ಮಲ, ತಡೆಯದ ನೋವು, ಹೊಟ್ಟೆ ತೊಳೆಸುವುದು. ಇವುಗಳಲ್ಲಿ ಯಾವುದಿದ್ದರೂ ಊಟ ಇಳಿಯದು, ಎಲ್ಲಕ್ಕೂ ಮದ್ದಿದೆ. ಮಲಗಿಯೇ ಇರುವ ಸ್ನಾಯುವಿಗೆ ಪ್ರೋಟೀನ್ ಕೊಟ್ಟರೂ ಅದು ಹಿಡಿಯುವುದಿಲ್ಲ. ಎದ್ದು ಕೂರುವುದು ಐದು ಸಲ, ದಿನಕ್ಕೆರಡು ಹೊತ್ತು, ಅಷ್ಟರಿಂದ ಶುರುಮಾಡಬಹುದು. ಮೂಳೆಗೆ ಹರಡಿದ್ದರೆ ಮೊದಲು ವೈದ್ಯರನ್ನು ಕೇಳಿ.

ನಮ್ಮ ಒಂದು ಬೇಡಿಕೆಯಿದೆ. ಹೊರರೋಗಿ ಚೀಟಿಯಲ್ಲಿ ಬಿಪಿ ಬರೆಯುವ ಜಾಗದ ಪಕ್ಕ ಇಂದಿನ ತೂಕ, ಕಳೆದ ಸಲದ ತೂಕ ಎರಡನ್ನೂ ಬರೆಯಲಿ. ಒಂದೇ ಅಂಕಿ ಇದ್ದರೆ ಇಳಿತ ಯಾರ ಕಣ್ಣಿಗೂ ಬೀಳುವುದಿಲ್ಲ, ಬಿದ್ದಾಗ 10 ಕೆ.ಜಿ. ಹೋಗಿರುತ್ತದೆ.

ಕೊನೆಯ ವಾರಗಳ ಲೆಕ್ಕ ಬೇರೆ. ಚಿಕಿತ್ಸೆಗೆ ಗಡ್ಡೆ ಬಗ್ಗದೆ, ರೋಗಿ ಹಾಸಿಗೆ ಬಿಡದೆ ಇರುವಾಗ ದೇಹಕ್ಕೆ ಆಹಾರವನ್ನು ಬಳಸಿಕೊಳ್ಳುವ ಶಕ್ತಿಯೇ ಹೋಗಿರುತ್ತದೆ. ಆಗ ಮೂಗಿನ ಟ್ಯೂಬು, ದಿನಕ್ಕೆ ಎರಡು ಮೂರು ಬಾಟಲಿ ಎಂದು ಒತ್ತಾಯಿಸಿದರೆ ಕಾಲು ಊದುತ್ತದೆ, ಎದೆಯಲ್ಲಿ ಗೊರಗೊರ ಹೆಚ್ಚುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ‘ಹಸಿದುಕೊಂಡೇ ಹೋದರು’ ಎಂದು ಮನೆಯವರು ವರ್ಷಗಟ್ಟಲೆ ಕೊರಗುತ್ತಾರೆ. ಆ ಹಂತದಲ್ಲಿ ಹೆಚ್ಚಿನವರಿಗೆ ಹಸಿವೇ ಇರುವುದಿಲ್ಲ, ಬಾಯಿ ಒಣಗುವುದು ಇರುತ್ತದೆ. ಕೇಳಿದರೆ ಒಂದು ಚಮಚ ಮಜ್ಜಿಗೆ, ನೆಕ್ಕಲು ಚೂರು ಉಪ್ಪಿನಕಾಯಿ, ಗಂಟೆಗೊಮ್ಮೆ ಒದ್ದೆ ಹತ್ತಿಯಲ್ಲಿ ತುಟಿ-ನಾಲಿಗೆ ಒರೆಸುವುದು, ತುಟಿಗೆ ತುಸು ಬೆಣ್ಣೆ. ತಲೆಯನ್ನು ಎತ್ತರಕ್ಕಿಟ್ಟು, ನುಂಗಿದ್ದು ಕಂಡ ಮೇಲೆ ಎರಡನೇ ಚಮಚ.

ಇಂತಿ,
ಕ್ಯಾನ್ಸರ್ ಉಪಶಾಮಕ ಆರೈಕೆಯಲ್ಲಿ ತೊಡಗಿರುವ ವೈದ್ಯರು ಮತ್ತು ಪಥ್ಯಾಹಾರ ತಜ್ಞರು
ಬೆಂಗಳೂರು